ಪುಟ್ಟಿ, ಮೊದ್ಲು ಬಾನೆಟ್ ಎತ್ತಿ ನೋಡು

ಪುಟ್ಟಿ,

ನಿನ್ನೆ ಫೋನಲ್ಲಿ ಗ್ಯಾರೇಜ್ ಬಿಲ್ ಓದಿ ಹೇಳ್ದಾಗ ಸುಮ್ನೆ ಹ್ಞೂಂ ಹ್ಞೂಂ ಅಂದೆ, ಆಮೇಲೆ ರಾತ್ರಿಯೆಲ್ಲ ಅದೇ ತಲೇಲಿ. ಎಂಜಿನ್ನಿನ ಏರ್ ಫಿಲ್ಟರ್, ಗಾಡಿ ಒಳಗೆ ಬರೋ ಗಾಳಿ ಸೋಸೋ ಕ್ಯಾಬಿನ್ ಫಿಲ್ಟರ್, ವೈಪರ್, ಒಂದು ಫ್ಯೂಸು, ಒಂದೊಂದರ ಕೆಳಗೂ ಲೇಬರ್ ಅಂತ ಬೇರೆ ಸಾಲು. ನಾಲ್ಕೂ ಸೇರಿದ್ರೂ ಒಂದು ಗಂಟೆ ಕೆಲ್ಸ ಅಲ್ಲ ಕಣೇ. ಬೈತಿಲ್ಲ, ತಪ್ಪು ನಂದೇ, ಸ್ಟೀರಿಂಗ್ ಹಿಡಿಯೋದು ಕಲಿಸ್ದೆ, ಬಾನೆಟ್ ಎತ್ತೋದು ಕಲಿಸ್ಲಿಲ್ಲ.

ನಾನೂ ಹಾಗೇ ದುಡ್ಡು ಕೊಟ್ಟು ಕಲ್ತಿದ್ದು. ಒಂದಿನ ಬೆಳಿಗ್ಗೆ ಕೀ ತಿರುಗಿಸಿದ್ರೆ ಟಕ್ ಟಕ್ ಅಂತ ಸದ್ದು, ಅಷ್ಟೇ. ಗ್ಯಾರೇಜಿನವ್ನು ಬ್ಯಾಟರಿ ಹೋಗಿದೆ ಅಂದ, ಹೊಸದು ಹಾಕಿಸ್ದೆ, ಹಳೇದು ಎಕ್ಸ್‌ಚೇಂಜಲ್ಲಿ ಹೋಯ್ತು. ಮೂರು ವಾರಕ್ಕೆ ಮತ್ತೆ ಟಕ್ ಟಕ್. ಆ ಸಲ ಸಿಟ್ಟಿಗೆ ನಾನೇ ಬಾನೆಟ್ ಎತ್ತಿದೆ, ನೋಡಿದ್ರೆ ಬ್ಯಾಟರಿ ಟರ್ಮಿನಲ್ (ವೈರ್ ಸೇರೋ ಗೂಟ) ಮೇಲಿನ ಕ್ಲ್ಯಾಂಪ್ ಕೈಯಲ್ಲೇ ಗರಗರ ತಿರುಗ್ತಿದೆ, ಒಳಗೆಲ್ಲ ಬಿಳಿ ಹಸಿರು ಪುಡಿ ಕಟ್ಕೊಂಡಿದೆ. ಅಡುಗೆ ಸೋಡಾ ಕಲಸಿದ ನೀರು, ಹಳೇ ಟೂತ್‌ಬ್ರಷ್, ಒಂದು 10 ನಂಬರ್ ಸ್ಪ್ಯಾನರ್, ಅಷ್ಟರಲ್ಲೇ ಗಾಡಿ ಸ್ಟಾರ್ಟ್. ಹಳೇ ಬ್ಯಾಟರಿ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ಹೇಳೋದು, ಉಳಿಯೋದು ಬರೀ ಕೂಲಿ ದುಡ್ಡಲ್ಲ, ಬೇಡದೇ ಇರೋದನ್ನ ಕೊಳ್ಳೋದು ತಪ್ಪುತ್ತಲ್ಲ ಅದೇ ದೊಡ್ಡ ಉಳಿತಾಯ. ವೋಲ್ಟ್ ಅಳೆಯೋಕೆ ಒಂದು ಚಿಕ್ಕ ಮಲ್ಟಿಮೀಟರ್ ತಗೋ. ಗಾಡಿ ರಾತ್ರಿಯೆಲ್ಲ ನಿಂತಿದ್ದಾಗ ಬ್ಯಾಟರಿ 12.6 ವೋಲ್ಟ್ ಹತ್ರ ತೋರಿಸಿದ್ರೆ ಚಾರ್ಜ್ ಚೆನ್ನಾಗಿದೆ ಅಂತ. ಎಂಜಿನ್ ಓಡ್ತಿರೋವಾಗ ಸಾಮಾನ್ಯವಾಗಿ 14ರ ಆಸುಪಾಸು ಬರ್ಬೇಕು, ಏರದೇ 12ರಲ್ಲೇ ಕೂತಿದ್ರೆ ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ, ಆಗ ಎಷ್ಟು ಹೊಸ ಬ್ಯಾಟರಿ ಹಾಕಿದ್ರೂ ಸಾಯುತ್ತೆ.

ಬ್ಯಾಟರಿ ಕ್ಲ್ಯಾಂಪ್ ಬಿಚ್ಚೋವಾಗ ಮೈನಸ್ ಮೊದ್ಲು, ಹಾಕೋವಾಗ ಮೈನಸ್ ಕೊನೆಗೆ. ಯಾಕಂದ್ರೆ ಗಾಡಿ ಬಾಡಿನೇ ಮೈನಸ್‌ಗೆ ಸೇರಿರುತ್ತೆ, ನೀನು ಪ್ಲಸ್ ಬಿಚ್ತಾ ಇರೋವಾಗ ಸ್ಪ್ಯಾನರ್ ಎಲ್ಲಾದ್ರೂ ಬಾಡಿಗೆ ತಾಗಿದ್ರೆ ಕಿಡಿ ಹಾರಿ ಎದೆ ಝಲ್ ಅನ್ನುತ್ತೆ. ಬಳೆ ಉಂಗುರ ತೆಗೆದಿಟ್ಟು ಕೂರು.

ಫಿಲ್ಟರ್‌ಗಳು ಏನೂ ಅಲ್ಲ. ಏರ್ ಫಿಲ್ಟರ್ ಡಬ್ಬಿಗೆ ನಾಲ್ಕೈದು ಕ್ಲಿಪ್ಪೋ ಸ್ಕ್ರೂನೋ ಇರುತ್ತೆ, ಕ್ಯಾಬಿನ್ ಫಿಲ್ಟರ್ ಬಹಳಷ್ಟು ಗಾಡೀಲಿ ಗ್ಲೋವ್ ಬಾಕ್ಸ್ ಹಿಂದೆ, ಅದರ ಮೇಲಿರೋ ಬಾಣದ ಗುರುತು ಗಾಳಿ ಹೋಗೋ ಕಡೆಗಿರ್ಬೇಕು ಅಷ್ಟೇ.

ಫ್ಯೂಸ್ ವಿಷ್ಯದಲ್ಲಿ ಮಾತ್ರ ನನ್ನ ಹಾಗೆ ಜಾಣತನ ಮಾಡ್ಬೇಡ. 10 ಆಂಪಿನ ಕೆಂಪು ಫ್ಯೂಸ್ ಪದೇ ಪದೇ ಹೋಗ್ತಿತ್ತು ಅಂತ 20ರ ಹಳದಿದು ಹಾಕ್ದೆ, ಫ್ಯೂಸ್ ಉಳೀತು, ವೈರ್ ಕರಗಿ ಗಾಡಿಯೆಲ್ಲ ಸುಟ್ಟ ವಾಸನೆ, ನಿಮ್ಮಪ್ಪ ಎರಡು ದಿನ ಮಾತಾಡ್ಲಿಲ್ಲ. ಎಷ್ಟು ಆಂಪಿತ್ತೋ ಅಷ್ಟೇ ಹಾಕು, ಮತ್ತೆ ಹೋದ್ರೆ ಎಲ್ಲೋ ಶಾರ್ಟ್ ಆಗ್ತಿದೆ, ಎಲೆಕ್ಟ್ರಿಷಿಯನ್‌ಗೆ ತೋರ್ಸು. ಹೆಡ್‌ಲೈಟಿಂದು ಹ್ಯಾಲೊಜೆನ್ ಆದ್ರೆ ಬಲ್ಬಿನ ಗಾಜು ಮುಟ್ಬೇಡ, ಬೆರಳಿನ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬೇಗ ಹೋಗುತ್ತೆ.

ಎಂಜಿನ್ ಆಯಿಲ್ ಬದಲಾಯಿಸೋದು ನಂಗೆ ಬರುತ್ತೆ ಆದ್ರೂ ಬಿಟ್ಟುಬಿಟ್ಟೆ. ಹಳೇ ಎಣ್ಣೆನ ಚರಂಡಿಗೆ ಸುರಿಯೋ ಹಾಗಿಲ್ಲ, ಅದನ್ನ ತಗೊಳ್ಳೋರನ್ನ ಹುಡುಕೋದೇ ಒಂದು ಕೆಲ್ಸ, ಉಳಿಯೋ ದುಡ್ಡಿಗೆ ಆ ರಗಳೆ ಬೇಡ. ನೀನು ಆಯಿಲ್ ಮಟ್ಟ ತೋರ್ಸೋ ಕಡ್ಡಿ, ಅದೇ ಡಿಪ್‌ಸ್ಟಿಕ್, ನೋಡ್ತಿದ್ರೆ ಸಾಕು. ಬ್ರೇಕು, ಏರ್‌ಬ್ಯಾಗು, ಸ್ಟೀರಿಂಗ್ ತಂಟೆಗೆ ಹೋಗ್ಲೇಬೇಡ, ಅಲ್ಲಿ ದುಡ್ಡು ಕೊಡು ಕಣ್ಮುಚ್ಚಿ. ಬರೀ ಜಾಕ್ ಮೇಲೆ ನಿಂತಿರೋ ಗಾಡಿ ಕೆಳಗೆ ತಲೆ ಹಾಕೋದು, ಬಿಸಿ ಇರೋವಾಗ ರೇಡಿಯೇಟರ್ ಮುಚ್ಚಳ ತೆಗೆಯೋದು, ಇವೆರಡು ಮಾಡಿದ್ದು ಗೊತ್ತಾದ್ರೆ ನಾನೇ ಬಂದು ಕೀ ಕಿತ್ಕೋತೀನಿ.

ಭಾನುವಾರ ಬರೀ ಟರ್ಮಿನಲ್ ಕ್ಲೀನ್ ಮಾಡು, ಬೇರೇನೂ ಬೇಡ. ಬಿಚ್ಚೋ ಮುಂಚೆ ಒಂದು ಫೋಟೋ ತೆಗೆದಿಟ್ಕೋ, ವಿಡಿಯೋ ಕಾಲ್ ಮಾಡು, ಟಾರ್ಚ್ ಹಿಡಿಯೋಕೆ ಯಾರನ್ನಾದ್ರೂ ನಿಲ್ಲಿಸ್ಕೋ. ಇಲ್ಲಿ ಆ ಡ್ಯೂಟಿ ನಿಮ್ಮಪ್ಪಂದು, ಯಾವತ್ತೂ ನಾನು ನೋಡ್ತಿರೋ ಕಡೆ ಬಿಟ್ಟು ಬೇರೆ ಕಡೆಗೇ ಬಿಡ್ತಾರೆ.

ಅಮ್ಮ