‘ಕರುಣಾಳು ಬಾ ಬೆಳಕೆ’ಯ ಮೂಲ ಬರೆದವರ ಗದ್ಯವೂ ಕನ್ನಡಕ್ಕೆ ಬರಲಿ

ಸಂಪಾದಕರಿಗೆ ನಮಸ್ಕಾರ.

ಶಾಲೆಯ ಪ್ರಾರ್ಥನೆಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ‘ಕರುಣಾಳು ಬಾ ಬೆಳಕೆ’ಯನ್ನು ನೆನೆದದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಅದರ ಮೂಲ ಇಂಗ್ಲಿಷ್ ಕವಿತೆಯನ್ನು ‘ಒಬ್ಬ ಕ್ಯಾಥೊಲಿಕ್ ಕಾರ್ಡಿನಲ್ ಬರೆದರು’ ಎಂದು ಅಚ್ಚಾಗಿದೆ. ಅದೊಂದನ್ನು ತಿದ್ದಬೇಕು. ಜಾನ್ ಹೆನ್ರಿ ನ್ಯೂಮನ್ ಅದನ್ನು ಬರೆದದ್ದು 1833ರ ಜೂನ್‌ನಲ್ಲಿ. ಆಗ ಅವರಿಗೆ 32 ವರ್ಷ, ರೋಮ್‌ನಿಂದ ಬೇರೆಯಾದ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಪಾದ್ರಿ. ಕ್ಯಾಥೊಲಿಕ್ ಆದದ್ದು 1845ರಲ್ಲಿ, ಪೋಪರ ನಂತರದ ಹಿರಿಯ ಪದವಿಯಾದ ಕಾರ್ಡಿನಲ್ ಆದದ್ದು 1879ರಲ್ಲಿ. ಈ ಇಸವಿಗಳು ಗೊತ್ತಾದರೆ ಹಾಡು ಬೇರೆಯೇ ಕೇಳಿಸುತ್ತದೆ. ತಾನು ಎಲ್ಲಿಗೆ ಹೋಗಿ ಸೇರುತ್ತೇನೆ ಅನ್ನೋದು ಬರೆದವರಿಗೇ ಇನ್ನೂ ತಿಳಿದಿರಲಿಲ್ಲ.

ಆ ವರ್ಷ ಸಿಸಿಲಿಯಲ್ಲಿ ತಿರುಗಾಡುವಾಗ ಅವರಿಗೆ ವಿಪರೀತ ಜ್ವರ ಬಂತು. ಜೊತೆಗಿದ್ದ ಆಳು ಇವರು ಉಳಿಯಲ್ಲ ಅಂದುಕೊಂಡು, ಕೊನೆಯದಾಗಿ ಏನಾದರೂ ಹೇಳುವುದಿದೆಯಾ ಎಂದು ಕೇಳಿದ. ನ್ಯೂಮನ್, ‘ನಾನು ಸಾಯೋದಿಲ್ಲ. ನಾನು ಬೆಳಕಿಗೆ ಎದುರಾಗಿ ಪಾಪ ಮಾಡಿಲ್ಲ’ ಅಂದರು. ಗುಣವಾದ ಮೇಲೆ ಕಿತ್ತಳೆ ಹಣ್ಣು ತುಂಬಿದ ಹಡಗು ಹತ್ತಿ ಊರಿಗೆ ಹೊರಟರು. ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ಒಂದು ವಾರ ನಿಂತೇಬಿಟ್ಟಿತು. ಅಲ್ಲಿ ಬರೆದದ್ದು ಆ ಕವಿತೆ. ಬಿ.ಎಂ.ಶ್ರೀ ಅವರು ‘ಸಾಕು ನನಗೊಂದು ಹೆಜ್ಜೆ’ ಎಂದು ತಂದಿದ್ದಾರಲ್ಲ, ಆ ಒಂದು ಹೆಜ್ಜೆಯ ಹಿಂದೆ ಇಷ್ಟೆಲ್ಲ ಇದೆ. ಇದನ್ನು ನ್ಯೂಮನ್ ತಾವೇ ತಮ್ಮ ಗದ್ಯದಲ್ಲಿ ಹೇಳಿಕೊಂಡಿದ್ದಾರೆ. ಆ ಗದ್ಯ ನಮ್ಮ ಓದುಗರಿಗೆ ಸಿಗುತ್ತಿಲ್ಲ ಅನ್ನೋದೇ ನನ್ನ ಸಂಕಟ.

ಆ ಗದ್ಯದ ಪುಸ್ತಕ ಹುಟ್ಟಿದ್ದೂ ಒಂದು ಪತ್ರಿಕೆಯ ಮಾತಿನಿಂದ. ಸತ್ಯವನ್ನು ಸತ್ಯಕ್ಕಾಗಿ ಹೇಳುವ ಗುಣ ರೋಮನ್ ಕ್ಯಾಥೊಲಿಕ್ ಪಾದ್ರಿಗಳಿಗೆ ಎಂದೂ ಇರಲಿಲ್ಲ, ಅದು ಬೇಕಿಲ್ಲ ಎಂದು ನ್ಯೂಮನ್ನೇ ಹೇಳುತ್ತಾರೆ ಎಂದು ಆಂಗ್ಲಿಕನ್ ಪಾದ್ರಿಯೂ ಕಾದಂಬರಿಕಾರರೂ ಆದ ಚಾರ್ಲ್ಸ್ ಕಿಂಗ್ಸ್ಲಿ 1864ರ ಜನವರಿಯಲ್ಲಿ ಬರೆದರು. ಸುಳ್ಳುಗಾರ ಅನ್ನಿಸಿಕೊಂಡು ಸುಮ್ನೆ ಕೂರುವುದು ನ್ಯೂಮನ್‌ಗೆ ಆಗಲಿಲ್ಲ. ತಮ್ಮ ಇಡೀ ಬದುಕನ್ನು ತೆರೆದಿಟ್ಟು ವಾರಕ್ಕೊಂದು ಕಂತು ಅಚ್ಚು ಹಾಕಿಸಿದರು. ನಿಂತುಕೊಂಡೇ ಬರೆಯುತ್ತಿದ್ದರು, ಒಮ್ಮೆ 22 ಗಂಟೆ ಒಂದೇ ಸಮ. ಬರೆಯುತ್ತಾ ಅಳುತ್ತಿದ್ದೆ ಎಂದು ಗೆಳೆಯರಿಗೆ ತಿಳಿಸಿದ್ದಾರೆ. ಅದೇ ‘ಅಪೊಲೋಜಿಯಾ ಪ್ರೊ ವೀಟಾ ಸುವಾ’, ಅಂದರೆ ತನ್ನ ಬದುಕಿನ ಸಮರ್ಥನೆ.

ನಾನು ಎಂ.ಎ. ಓದುವಾಗ ನಮಗೆ ಪಾಠ ಮಾಡಿದವರು, ‘ಇವರ ವಾಕ್ಯ ಕಟ್ಟುವ ರೀತಿ ನೋಡಿ, ಧರ್ಮದ ಭಾಗ ಬಿಟ್ಟುಬಿಡಿ, ಪರೀಕ್ಷೆಗೆ ಬರಲ್ಲ’ ಅಂದರು. ಬಿಟ್ಟುಬಿಟ್ಟೆ. ಆಮೇಲೆ ಸುಮಾರು ಹತ್ತು ವರ್ಷಕ್ಕೆ ಅದೇ ಪುಸ್ತಕದ ಮೊದಲ ಅಧ್ಯಾಯ ಪುರುಸೊತ್ತಿನಲ್ಲಿ ಓದಿದೆ. ಹದಿನೈದನೇ ವಯಸ್ಸಿನಲ್ಲಿ ತನಗೆ ಈ ಜಗತ್ತಿನ ವಸ್ತುಗಳ ಮೇಲೆ ನಂಬಿಕೆ ಸಡಿಲವಾಗಿ, ಎರಡೇ ಎರಡು ಇರವುಗಳು ನಿಚ್ಚಳವಾಗಿ ಉಳಿದವು ಎನ್ನುತ್ತಾರೆ: ನಾನು, ನನ್ನನ್ನು ಹುಟ್ಟಿಸಿದವನು.

ಓದಿ ಪುಸ್ತಕ ಮುಚ್ಚಿಟ್ಟೆ. ನಮ್ಮ ಅವ್ವ ನೆನಪಾದಳು. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲು ಹಾಗೇ ಬಿಟ್ಟು, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ. ಕಣ್ಣು ಅರ್ಧ ತೆರೆದಿರುತ್ತಿತ್ತು. ಹಾಲು ಉಕ್ಕಿದರೂ, ಬಾಗಿಲಲ್ಲಿ ಯಾರೋ ಕೂಗಿದರೂ ಅಲುಗಾಡುತ್ತಿರಲಿಲ್ಲ. ‘ಆಗ ನನ್ನ ಮಾತಾಡಸಬ್ಯಾಡ್ರೋ’ ಅಂತ ನಮಗೆ ಮೊದಲೇ ಹೇಳಿಟ್ಟಿದ್ದಳು. ಆ ಹೊತ್ತು ಅವಳಿಗೂ ಎರಡೇ ಇದ್ದದ್ದು, ಅಲ್ವಾ?

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ನ್ಯೂಮನ್‌ಗೆ ಆ ಎರಡು ಕೊನೆಯವರೆಗೂ ಎರಡೇ. ನಮ್ಮ ಶರಣರಿಗೆ ಲಿಂಗವೂ ಅಂಗವೂ, ಅಂದರೆ ದೇವರೂ ಜೀವವೂ, ಕೂಡಿ ಒಂದಾಗಬೇಕು. ಈ ವ್ಯತ್ಯಾಸ ದೊಡ್ಡದು. ಅದು ಕಾಣಬೇಕಾದರೂ ಮೊದಲು ಆ ಗದ್ಯ ನಮ್ಮ ಮಾತಿನಲ್ಲಿ ಇರಬೇಕು. ದೇವರನ್ನು ಹೀಗೆ ಒಳಗೇ ಎದುರುಗೊಳ್ಳುವುದಕ್ಕೆ ‘ರಹಸ್ಯವಾದ’ ಎಂಬ ಹೆಸರು ಕೆಲವರು ಕೊಡುತ್ತಾರೆ. ನನಗೆ ಹಿಡಿಸುವುದಿಲ್ಲ. ಶರಣರ ಊರಾದ ಬಸವಕಲ್ಯಾಣಕ್ಕೆ ಬೆಳಿಗ್ಗೆ ಬಸ್ ಹತ್ತಿ ಸಂಜೆ ವಾಪಸ್ ಬರುವ ನಮಗೆ ‘ಅನುಭಾವ’ ಎಂಬ ಮಾತು ಕೈಯಲ್ಲೇ ಇದೆ. ವಚನ ಅಂದರೆ ಆಡಿದ ಮಾತು. ಅನುಭಾವವನ್ನು ಗದ್ಯದ ಹತ್ತಿರದ ನುಡಿಯಲ್ಲಿ ಹೇಳುವುದು ನಮಗೆ ಹೊಸದೇನಲ್ಲ.

ನ್ಯೂಮನ್ ಒಬ್ಬರೇ ಅಲ್ಲ. ಅವರಂತೆಯೇ ಕ್ಯಾಥೊಲಿಕ್ ಆದ ಫ್ರೆಡರಿಕ್ ಫೇಬರ್ ಇದ್ದಾರೆ, ಅವರ ಭಕ್ತಿ ನನಗೆ ಸ್ವಲ್ಪ ಸಿಹಿ ಜಾಸ್ತಿ. ಆದರೆ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಅವರ ದಿನಚರಿ ಬಿಡುವ ಹಾಗಿಲ್ಲ. 1866ರಲ್ಲಿ ಅವರನ್ನು ಕ್ಯಾಥೊಲಿಕ್ ಸಭೆಗೆ ಸೇರಿಸಿಕೊಂಡವರು ನ್ಯೂಮನ್ನೇ. 1870ರ ಮೇ ತಿಂಗಳಲ್ಲಿ ಹಾಪ್ಕಿನ್ಸ್ ಒಂದು ಕಾಡಿನ ನೀಲಿ ಹೂವನ್ನು ನೋಡುತ್ತಾ, ಇದಕ್ಕಿಂತ ಚೆಂದದ್ದು ನಾನು ಕಂಡೇ ಇಲ್ಲ, ನಮ್ಮ ಪ್ರಭುವಿನ ಚೆಲುವು ನನಗೆ ಇದರಿಂದ ತಿಳಿಯುತ್ತದೆ ಎಂದು ಬರೆದರು. ಅಲ್ಲಿಗೆ ಬಿಡದೆ, ಹೂವಿನ ತಲೆ ಹೇಗೆ ಹಿಂದಕ್ಕೆ ಎಳೆದು ಕೆಳಕ್ಕೆ ಬಾಗಿದೆ ಎಂದು ಅಳತೆ ಹಿಡಿದ ಹಾಗೆ ಬರೆದರು. ನಾನು ಒಂಬತ್ತನೇ ತರಗತಿಗೆ ಇದನ್ನು ಹೇಳಿದಾಗ ಆ ಹೂ ಯಾವ ಮಗುವಿಗೂ ಗೊತ್ತಿರಲಿಲ್ಲ. ದೀಪಾವಳಿ ಹತ್ತಿರ ಇತ್ತು. ‘ನಾಳೆ ಒಂದೊಂದು ತೊಗರಿ ಹೂ ತನ್ನಿ’ ಅಂದೆ. ತಂದರು. ಹಳದಿ ಎಸಳು, ಬೆನ್ನಿಗೆ ಕೆಂಪು ಗೆರೆ. ದಿನಾ ಹೊಲದ ಬದುವಿನ ಮೇಲೆ ಓಡಾಡುವ ಒಬ್ಬ ಹುಡುಗ, ‘ಸರ್, ಈ ಗೆರಿ ನಾ ನೋಡೇ ಇರಲಿಲ್ಲ’ ಅಂದ.

ನನ್ನ ಕೋರಿಕೆ ಇಷ್ಟೇ. ನಿಮ್ಮ ಪುರವಣಿಯಲ್ಲಿ ತಿಂಗಳಿಗೊಮ್ಮೆ ಅರ್ಧ ಪುಟ ಈ ಗದ್ಯದ ಅನುವಾದಕ್ಕೆ ಕೊಡಿ. ಧರ್ಮದ ಭಾಗ ಕತ್ತರಿಸದೆ ಕೊಡಿ. ಶುರುವಿಗೆ ನಾನು ಹನ್ನೊಂದು ಪುಟ ಮಾಡಿಟ್ಟಿದ್ದೇನೆ, ದುಡ್ಡೇನೂ ಬೇಡ. ಮೇಲೆ ಹೇಳಿದ ‘ಎರಡೇ ಎರಡು’ ವಾಕ್ಯದಲ್ಲಿ ಮಾತ್ರ ಸಿಕ್ಕಿಬಿದ್ದಿದ್ದೇನೆ. ಯಾರೂ ತೋರಿಸಿಕೊಡಬೇಕಿಲ್ಲದೆ ತಾನಾಗಿ ಬೆಳಗುವುದು ಎಂಬ ಅರ್ಥಕ್ಕೆ ‘ಸ್ವಯಂಪ್ರಕಾಶ’ ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಭಾರ ಅನ್ನಿಸುತ್ತದೆ. ಅವ್ವ ಆಡುತ್ತಿದ್ದ ಮಾತಿನಂಥ ಒಂದು ಪದ ಬೇಕು. ಓದುಗರಿಗೆ ಹೊಳೆದರೆ ಈ ಅಂಕಣಕ್ಕೇ ಬರೆದು ತಿಳಿಸಲಿ.

ನಿವೃತ್ತ ಇಂಗ್ಲಿಷ್ ಶಿಕ್ಷಕ, ಬ್ರಹ್ಮಪುರ, ಕಲಬುರಗಿ