ಅದು ಅಶಿಸ್ತಲ್ಲ, ಸಮತೋಲನದ ತೊಂದರೆ

ಮಾನ್ಯ ಸಂಪಾದಕರೇ,

ಸ್ವಾತಂತ್ರ್ಯೋತ್ಸವದ ಪಥಸಂಚಲನದ ತಾಲೀಮಿನಲ್ಲಿ ಸಾಲು ತಪ್ಪಿದ ಮಕ್ಕಳನ್ನು ಹೊರಗೆ ಕರೆದು ಮೈದಾನದ ಅಂಚಿನಲ್ಲಿ ಒಂಟಿಗಾಲಿನ ಮೇಲೆ ನಿಲ್ಲಿಸಿದ್ದನ್ನು ನಿಮ್ಮ ಪತ್ರಿಕೆ ನಿನ್ನೆ ಜಿಲ್ಲಾ ಪುಟದಲ್ಲಿ ಚಿತ್ರಸಮೇತ ಪ್ರಕಟಿಸಿ, ‘ಅಶಿಸ್ತಿಗೆ ಕಡಿವಾಣ’ ಎಂದು ತಲೆಬರಹ ಕೊಟ್ಟಿದೆ. ಆ ಚಿತ್ರದಲ್ಲಿ ಕೈಗಳನ್ನು ಅಗಲಿಸಿ, ಒಂದು ಭುಜ ಕುಸಿದು, ಇನ್ನೇನು ಬೀಳುವಂತೆ ನಿಂತಿರುವ ಹುಡುಗ ನನ್ನ ಮಗ. ಅವನಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಇರುವುದು ಶಾಲೆಗೆ ಗೊತ್ತಿಲ್ಲದ ಸಂಗತಿಯಲ್ಲ. ವೈದ್ಯರ ಪತ್ರದ ಪ್ರತಿ ಅವರ ಕಡತದಲ್ಲಿಯೇ ಇದೆ. ವರದಿ ಬರೆದವರಾಗಲಿ, ಶಿಕ್ಷೆ ಕೊಟ್ಟವರಾಗಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವುದು, ಕುಳಿತಲ್ಲಿ ಕೂರದಿರುವುದು ಎಂದಷ್ಟೇ ಜನ ತಿಳಿದಿದ್ದಾರೆ. ಈ ತೊಂದರೆಯಿರುವ ಅನೇಕ ಮಕ್ಕಳಿಗೆ ಮೈಯನ್ನು ನೆಟ್ಟಗೆ ಹಿಡಿದು ನಿಲ್ಲುವುದೂ ಕಷ್ಟವಾಗುತ್ತದೆ ಎಂಬುದು ಎಷ್ಟು ಶಿಕ್ಷಕರಿಗೆ ಗೊತ್ತು? ನಾವು ಬೀಳದೆ ನಿಲ್ಲಬೇಕಾದರೆ ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳು ಮೂರೂ ಕಡೆಯಿಂದ ಮಿದುಳಿಗೆ ಕ್ಷಣಕ್ಷಣವೂ ಸುದ್ದಿ ಮುಟ್ಟುತ್ತಿರಬೇಕು, ಕಿರುಮೆದುಳು ಅದನ್ನು ಹೊಂದಿಸಿ ಸ್ನಾಯುಗಳನ್ನು ತಿದ್ದುತ್ತಿರಬೇಕು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಈ ಹೊಂದಾಣಿಕೆ ಓರಗೆಯವರಿಗಿಂತ ಹಿಂದೆ ಬೀಳುವುದುಂಟು. ನಿಂತಲ್ಲೇ ಅವರ ಮೈ ಹೆಚ್ಚು ತೂಗುತ್ತದೆ. ಕಣ್ಣು ಮುಚ್ಚಿಸಿದರೆ ಅಥವಾ ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿದರೆ ಅದು ಇನ್ನಷ್ಟು ಎದ್ದು ಕಾಣುತ್ತದೆ. ಎಡಿಎಚ್‌ಡಿ ಇರುವ ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ನಿಜ. ಆದರೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಕ್ಕಳಲ್ಲಿ ಮೈ-ಕೈಗಳ ಚಲನೆಯನ್ನು ಹೊಂದಿಸಿಕೊಳ್ಳುವ ತೊಂದರೆಯೂ ಜೊತೆಗೇ ಇರುತ್ತದೆ ಎಂದು ತಜ್ಞರು ಹೇಳುತ್ತಾರೆ.

ಈಗ ಆ ತಾಲೀಮನ್ನು ನೋಡಿ. ‘ಸಾವಧಾನ್’ ಎಂದರೆ ಹಿಮ್ಮಡಿ ಜೋಡಿಸಿ ನಿಲ್ಲಬೇಕು, ಅಂದರೆ ಮೈಯ ಭಾರ ಹೊರುವ ಬುಡವೇ ಕಿರಿದಾಗುತ್ತದೆ. ಮಳೆಗೆ ಮೆತ್ತಗಾದ ಎರೆಮಣ್ಣು ಪಾದಕ್ಕೆ ಗಟ್ಟಿ ನೆಲದ ಅನುಭವ ಕೊಡುವುದಿಲ್ಲ. ನಡೆಯುತ್ತಿರುವಾಗ ‘ದಾಹಿನೇ ದೇಖ್’ ಎಂದರೆ ಕುತ್ತಿಗೆ ಬಲಕ್ಕೆ, ಕಾಲು ಮುಂದಕ್ಕೆ. ಕಣ್ಣು ದಾರಿ ಬಿಟ್ಟಿತು, ತಲೆಯೊಡನೆ ಒಳಗಿವಿಯೂ ತಿರುಗಿತು. ಇದರ ಜೊತೆಗೆ ಡ್ರಮ್ಮಿನ ಪೆಟ್ಟಿಗೆ ಕಿವಿಗೊಡಬೇಕು, ಪಕ್ಕದವನ ಭುಜದ ಸರಿಸಮಕ್ಕೆ ಇರಬೇಕು. ಒಂದೇ ಕೆಲಸಕ್ಕೆ ಗಮನ ಸಾಲದ ಮಗುವಿನಿಂದ ಒಮ್ಮೆಗೇ ಇಷ್ಟನ್ನೂ ಕೇಳಿ, ಕಾಲು ತಪ್ಪಿದ ಕೂಡಲೇ ಅದಕ್ಕೆ ಅಶಿಸ್ತೆಂದು ಹೆಸರಿಟ್ಟರು. ಶಿಕ್ಷೆಯಾದರೂ ಎಂಥದು? ಯಾವುದು ಅವನಿಗೆ ಎಲ್ಲಕ್ಕಿಂತ ಕಷ್ಟವೋ ಅದೇ! ಕುಂಟುವವನಿಗೆ ಓಡುವ ಶಿಕ್ಷೆ ಕೊಟ್ಟ ಹಾಗಾಯಿತು.

ನನ್ನನ್ನು ಹೆಚ್ಚು ನೋಯಿಸಿದ ಮಾತು ಬೇರೆಯೇ ಇದೆ. ಒಂಟಿಗಾಲಿನಲ್ಲಿ ನಿಲ್ಲುವುದು ಅವನ ಚಿಕಿತ್ಸೆಯ ಭಾಗವಾಗಿತ್ತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಮನೆಯ ಪಡಸಾಲೆಯಲ್ಲಿ, ಗಟ್ಟಿ ನೆಲದ ಮೇಲೆ, ಮೊದಲು ನನ್ನ ಎರಡೂ ಕೈ ಹಿಡಿದು, ಆಮೇಲೆ ಒಂದೇ ಬೆರಳು ಹಿಡಿದು, ಗೋಡೆಯ ಮೇಲಿನ ಕ್ಯಾಲೆಂಡರಿನ ಒಂದು ಅಂಕಿಯನ್ನೇ ದಿಟ್ಟಿಸುತ್ತ ಕೆಲವೇ ಕ್ಷಣ ನಿಲ್ಲುತ್ತಿದ್ದ. ವಾಲಿದರೆ ಕಾಲೂರಿ ಮತ್ತೆ ಎತ್ತುತ್ತಿದ್ದ. ಈಚೆಗೆ ಬೆರಳನ್ನೂ ಬಿಟ್ಟು, ‘ನೋಡವ್ವ’ ಎಂದು ಕರೆದು ತೋರಿಸುತ್ತಿದ್ದ. ನಿನ್ನೆ ಸಂಜೆ ನಾನು ಕೈ ಮುಂದೆ ಚಾಚಿದರೆ ಹಿಂದೆ ಸರಿದು, ‘ನಾ ಏನ್ ತಪ್ಪು ಮಾಡೇನಿ?’ ಎಂದು ಕೇಳಿದ. ತಿಂಗಳುಗಟ್ಟಲೆ ನಡೆದ ಅಭ್ಯಾಸವನ್ನು ಒಂದು ಬೆಳಗಿನಲ್ಲಿ ಶಿಕ್ಷೆಯಾಗಿ ಮಾಡಿಬಿಟ್ಟವರಿಗೆ ಇದು ಅರ್ಥವಾಗುತ್ತದೆಯೇ?

ಕೆಲಸಕ್ಕೆ ರಜೆ ಹಾಕಿ, ಅರ್ಧ ದಿನದ ಸಂಬಳ ಬಿಟ್ಟು ಶಾಲೆಗೆ ಹೋದರೆ ಮುಖ್ಯೋಪಾಧ್ಯಾಯರು ತಾಲೀಮು ಮಾಡಿಸಿದವರನ್ನು ಕೇಳಿ ಎಂದರು. ಅವರು, ‘ನೆಟ್ಟಗ ನಿಲ್ಲಾಕ ಬರಲಿಲ್ಲಂದ್ರ ಸಾಲಿನ್ಯಾಗ ಯಾಕ ಕಳಸ್ತೀರಿ?’ ಎಂದು ನನ್ನನ್ನೇ ಕೇಳಿದರು. ಆಟೋ ಹಿಡಿದು ಮೇಲಿನ ಕಚೇರಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದರು. ಅರ್ಜಿ ಬರೆದುಕೊಡಿ ಎಂದರು, ಬರೆದುಕೊಟ್ಟೆ. ಸ್ವೀಕೃತಿ ಕೇಳಿದರೆ ಮೊಹರು ಹಾಕುವವರು ಊಟಕ್ಕೆ ಹೋಗಿದ್ದಾರೆ ಎಂದರು.

ಈ ಕಚೇರಿಗಳ ರೀತಿ ನನಗೆ ಹೊಸದಲ್ಲ. ಹಿಂದೊಮ್ಮೆ ಮಗನಿಗೆ ಅಂಗವೈಕಲ್ಯದ ಪ್ರಮಾಣಪತ್ರ ಸಿಗಬಹುದೇ ಎಂದು ವಿಚಾರಿಸಿದಾಗ, ನಿಮ್ಮ ಮಗನದು ಪಟ್ಟಿಯಲ್ಲಿಲ್ಲ ಎಂದು ಕಾಗದ ನೋಡದೆಯೇ ಕಳಿಸಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ವೈಕಲ್ಯಗಳಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲವೆಂಬುದು ನಿಜ. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಇದೇ ಎಡಿಎಚ್‌ಡಿ ಇದೆಯಲ್ಲ! ಅಲ್ಲಿರುವುದು ಮೈದಾನದಲ್ಲಿ ನಿಂತವರ ಕಿವಿಗೆ ಇನ್ನೂ ಏಕೆ ಬಿದ್ದಿಲ್ಲ? ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನೇ ನಿಷೇಧಿಸಿದೆ. ಅದಕ್ಕಂತೂ ಯಾವ ಪ್ರಮಾಣಪತ್ರವೂ ಬೇಕಿಲ್ಲ.

ಇದೇ ಹುಡುಗ ಆಡುತ್ತ ಕಲಿಯುವ ನಲಿ-ಕಲಿ ತರಗತಿಗಳಲ್ಲಿದ್ದಾಗ ನೆಲದ ಮೇಲೆ ಕುಳಿತು, ಒಂದು ‘ತಟ್ಟೆ’ಯಿಂದ, ಅಂದರೆ ಕಲಿಕೆಯ ಗುಂಪಿನಿಂದ, ಇನ್ನೊಂದಕ್ಕೆ ಎದ್ದು ಓಡಾಡುತ್ತ ಚೆನ್ನಾಗಿ ಕಲಿತ. ನಾಲ್ಕನೆಯ ತರಗತಿಯಲ್ಲಿ ಬೆಂಚು ಬಂತು, ಬೈಗುಳವೂ ಬಂತು. ಜೋಲಿ ಹೊಡೆಯದಂತೆ ಕೂರಲು ಕಾಲು ನೆಲಕ್ಕೆ ತಾಗಬೇಕು, ಎತ್ತರಕ್ಕೆ ತಕ್ಕ ಬೆಂಚು ಕೊಡಿ ಎಂದರೆ ಅದಕ್ಕೂ ಅನುದಾನದ ಮಾತು. ಮುಳುಗಡೆಯಾದ ಊರು ಬಿಟ್ಟು ನಮ್ಮ ಹಿರಿಯರು ಬಂದು ನೆಲೆಸಿದ ಈ ನವನಗರದಲ್ಲಿ ನಮ್ಮ ಸೆಕ್ಟರಿನ ಉದ್ಯಾನಕ್ಕೆ ಹೋದರೆ ಜೋಕಾಲಿಯ ಕಂಬಗಳಿವೆ, ಸರಪಳಿಯಿಲ್ಲ. ಜೋಕಾಲಿ, ಕುಂಟಾಟ, ಕಟ್ಟೆಯ ಮೇಲಿನ ನಡಿಗೆ ಇಂಥ ಮಕ್ಕಳಿಗೆ ಬರೀ ಆಟವಲ್ಲ, ಸಮತೋಲನದ ಅಭ್ಯಾಸ. ಈ ಬಗ್ಗೆ ಕೊಟ್ಟ ಅರ್ಜಿಗೂ ಇಂದಿನವರೆಗೆ ಉತ್ತರವಿಲ್ಲ. ಮಗನ ತಪಾಸಣೆಗೆ ಧಾರವಾಡದವರೆಗೆ ಬಸ್ಸಿನಲ್ಲಿ ಹೋಗಿ ರಾತ್ರಿ ಮನೆ ಸೇರುವ ನಮ್ಮಂಥವರ ಕಷ್ಟ ಆ ಕುರ್ಚಿಗಳಿಗೆ ಹೇಗೆ ತಿಳಿಯಬೇಕು?

ಆ ಶಿಕ್ಷಕರು ನನ್ನ ಮಗನ ಕ್ಷಮೆ ಕೇಳಬೇಕು. ಅವನನ್ನು ಪಥಸಂಚಲನದ ಸಾಲಿಗೆ ಮರಳಿ ಸೇರಿಸಿಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಗೆಳೆಯನ ಪಕ್ಕ ನಿಂತರೂ ಸರಿ, ಅವನಿಗೆ ನಡೆಯುವ ಆಸೆಯಿದೆ. ಜಿಲ್ಲೆಯ ದೈಹಿಕ ಶಿಕ್ಷಣ ಶಿಕ್ಷಕರಿಗೆಲ್ಲ ಇದರ ತಿಳಿವಳಿಕೆ ಕೊಡಿಸಬೇಕು, ಬೆಂಚು, ಜೋಕಾಲಿಗಳ ಕಡೆಗೂ ಯಾರಾದರೂ ಗಮನಿಸಬೇಕು. ನಿಮ್ಮ ಪತ್ರಿಕೆಯೂ ಮಕ್ಕಳ ಚಿತ್ರ ಹಾಕುವ ಮುನ್ನ ಪಾಲಕರನ್ನು ಕೇಳಬೇಕು. ಮುಖ್ಯ ಅತಿಥಿಗಳ ಕಣ್ಣಿಗೆ ಸಾಲು ನೆಟ್ಟಗೆ ಕಾಣಲೆಂದು ಒಂಬತ್ತು ವರ್ಷದ ಮಗುವನ್ನು ಊರ ಮುಂದೆ ನಿಲ್ಲಿಸಿದವರಿಗೆ ನಾಚಿಕೆಯಾಗಬೇಕು. ಸಂಬಂಧಪಟ್ಟವರು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಲಿ.

– ನೊಂದ ತಾಯಿ, ನವನಗರ, ಬಾಗಲಕೋಟೆ