ಮಂಡಗದ್ದೆಯಲ್ಲಿ ಮರಿಗಳನ್ನೂ ಎಣಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ತುಂಗಾ ನದಿಯ ನಡುಗಡ್ಡೆಯಲ್ಲಿರುವ ಮಂಡಗದ್ದೆ ಪಕ್ಷಿಧಾಮಕ್ಕೆ ಹಕ್ಕಿಗಳು ಬಂದಿಳಿದ ಸುದ್ದಿ, ಫೋಟೊ ಪತ್ರಿಕೆಗಳಲ್ಲಿ ಬರುತ್ತವೆ. ಓದಿ ಖುಷಿಯಾಗುತ್ತದೆ. ಆದರೆ ಅಲ್ಲಿಂದ ಎಷ್ಟು ಮರಿ ಹಾರಿ ಹೋದವು ಅನ್ನುವ ಲೆಕ್ಕ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಅದನ್ನು ಕೇಳಬೇಕು ಅಂತಲೇ ಈ ಪತ್ರ.

ನಮ್ಮ ಅಮ್ಮ ಹ್ಯಾಟೆಯನ್ನು ಕಾವಿಗೆ ಕೂರಿಸುವಾಗ ಬುಟ್ಟಿಗೆ ಹುಲ್ಲು ಹಾಸಿ ಮೊಟ್ಟೆ ಎಣಿಸಿ ಇಡುತ್ತಿದ್ದರು. 21 ದಿನ ಕಳೆದ ಮೇಲೂ ಒಡೆಯದ ಮೊಟ್ಟೆಯನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಒಳಗೆ ಗಳಗಳ ಅಂದರೆ ಗೊಡ್ಡು. ಗೊಡ್ಡು ಜಾಸ್ತಿ ಬಂದ ವರ್ಷ ಹುಂಜ ಬದಲಾಯಿಸುತ್ತಿದ್ದರು. ಅಂಗಳದ ತುಂಬ ಕೋಳಿ ಓಡಾಡುತ್ತಿದ್ದರೂ ಅವರ ಕಣ್ಣು ಇರುತ್ತಿದ್ದದ್ದು ಬುಟ್ಟಿಯ ಮೇಲೆ.

ಹಕ್ಕಿಗಳ ವಿಷಯದಲ್ಲಿ ನಾವು ನೋಡುತ್ತಿರುವುದು ಬರೀ ಅಂಗಳ. ಕೆಲವು ರಾಸಾಯನಿಕಗಳು ದೊಡ್ಡ ಹಕ್ಕಿಯನ್ನು ಕೊಲ್ಲುವುದೇ ಇಲ್ಲ. ಮೈಗೆ ಸೇರಿದ ಮೇಲೆ ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್‌ನಂತೆ ನಡೆದುಕೊಳ್ಳುತ್ತವೆ. ತಾಯಿ ಹಕ್ಕಿ ಆರಾಮಾಗಿ ಓಡಾಡಿಕೊಂಡಿರುತ್ತದೆ, ಅದರ ಮೈಯಿಂದ ವಿಷ ಮೊಟ್ಟೆಯ ಹಳದಿಗೆ ಇಳಿದಿರುತ್ತದೆ. ಮನುಷ್ಯರಿಗೂ ಹಕ್ಕಿಗಳಿಗೂ ಇಲ್ಲಿ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಭ್ರೂಣ ಗಂಡಾಗಲು ಗಂಡು ಹಾರ್ಮೋನ್ ಬೇಕು. ಹಕ್ಕಿಗಳಲ್ಲಿ ಉಲ್ಟಾ, ಹೆಣ್ಣಾಗಲು ಈಸ್ಟ್ರೊಜೆನ್ ಬೇಕು. ಹಾಗಾಗಿ ಗಂಡು ಮರಿ ಬೆಳೆಯುತ್ತಿರುವ ಮೊಟ್ಟೆಗೆ ಇಂಥ ವಸ್ತು ಸೇರಿದರೆ ಮೊದಲು ಕೆಡುವುದು ಗಂಡುತನವೇ.

ಇದು ಬರೀ ಊಹೆಯಲ್ಲ. ಅಮೆರಿಕದ ಫ್ರೈ ಮತ್ತು ಟೂನ್ ಎಂಬ ವಿಜ್ಞಾನಿಗಳು 1981ರಲ್ಲಿ ಇದನ್ನು ತೋರಿಸಿಕೊಟ್ಟರು. ಕಡಲ ಹಕ್ಕಿಗಳ ಮೊಟ್ಟೆಯಲ್ಲಿ 1970ರ ದಶಕದ ಮೊದಲಲ್ಲಿ ಸಿಗುತ್ತಿದ್ದಷ್ಟೇ ಡಿಡಿಟಿ ಕೀಟನಾಶಕವನ್ನು ಗಲ್ ಎಂಬ ಕಡಲ ಹಕ್ಕಿಯ ಮೊಟ್ಟೆಗೆ ಚುಚ್ಚಿದರು. ಒಳಗಿದ್ದ ಗಂಡು ಮರಿಗಳಲ್ಲಿ ಅಂಡಾಶಯದ ಅಂಶ ಬೆಳೆದಿತ್ತು. ಅದಕ್ಕೂ ಮೊದಲು, ಕ್ಯಾಲಿಫೋರ್ನಿಯಾದ ಒಂದು ದ್ವೀಪದಲ್ಲಿ ಎರಡು ಹೆಣ್ಣು ಗಲ್‌ಗಳು ಸೇರಿ ಒಂದೇ ಗೂಡು ಮಾಡಿಕೊಂಡದ್ದು 1977ರಲ್ಲಿ ವರದಿಯಾಗಿತ್ತು. ಗೂಡಿನಲ್ಲಿ ಮಾಮೂಲಿಗಿಂತ ಜಾಸ್ತಿ ಮೊಟ್ಟೆ. ಹೆಚ್ಚಿನವು ಒಡೆಯಲೇ ಇಲ್ಲ. ದೂರದಿಂದ ನೋಡಿದವರಿಗೆ ಗೂಡು ತುಂಬಿದ ಹಾಗೇ ಕಾಣುತ್ತಿತ್ತು, ಅಲ್ವಾ?

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಬ್ರಿಟನ್ನಿನ ಇನ್ನೊಂದು ಅಧ್ಯಯನ. ಪ್ರಕಟವಾದದ್ದು 2008ರಲ್ಲಿ. ಅಲ್ಲಿನ ಕೊಳಚೆ ನೀರು ಶುದ್ಧೀಕರಿಸುವ ಜಾಗಗಳಲ್ಲಿ ಸ್ಟಾರ್ಲಿಂಗ್‌ಗಳು ಎರೆಹುಳು ಹೆಕ್ಕುತ್ತವೆ. ನಮ್ಮ ಗೊರವಂಕದ ಬಳಗದ ಹಕ್ಕಿ ಇದು. ಆ ಹುಳುಗಳಲ್ಲಿ ಸಿಕ್ಕ ಈಸ್ಟ್ರೊಜೆನ್ ತರಹದ ವಸ್ತುಗಳನ್ನು ಅಷ್ಟೇ ಪ್ರಮಾಣದಲ್ಲಿ ಗಂಡು ಹಕ್ಕಿಗಳಿಗೆ ತಿನ್ನಿಸಿ ನೋಡಿದರು. ಅವು ಬೇರೆ ಗಂಡುಗಳಿಗಿಂತ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಹಾಡಿದವು. ಹೆಣ್ಣುಗಳೂ ಅವನ್ನೇ ಮೆಚ್ಚಿದವು. ಆದರೆ ಅವುಗಳ ರೋಗ ತಡೆಯುವ ಶಕ್ತಿ ಕುಗ್ಗಿತ್ತು. ಹಾಡು ಕೇಳಿದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ!

ಈಗ ನಮ್ಮ ಊರಿನ ಮಾತು. ಕೃಷಿಗೆ ಡಿಡಿಟಿ ಬಳಸುವುದನ್ನು ನಮ್ಮ ದೇಶದಲ್ಲಿ 1989ರಲ್ಲೇ ನಿಲ್ಲಿಸಿದರು. ಎಂಡೋಸಲ್ಫಾನ್ ಕೀಟನಾಶಕಕ್ಕೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಆದರೆ ಡಿಡಿಟಿ ಮಣ್ಣಿಗೆ ಒಮ್ಮೆ ಸೇರಿದರೆ ಬೇಗ ಕರಗುವ ಪೈಕಿ ಅಲ್ಲ. ನೀರಿನಿಂದ ಮೀನಿಗೆ, ಮೀನಿನಿಂದ ನೀರುಕಾಗೆ, ಹಾವಕ್ಕಿಗೆ ಹೋಗುತ್ತಾ ಜಾಸ್ತಿಯಾಗುತ್ತದೆ. ಊರಿನ ಬಚ್ಚಲ ನೀರೂ ಹೊಳೆಗೇ ಸೇರುತ್ತದೆ. ಕೆಲವು ಬಗೆಯ ಸೋಪು, ಡಿಟರ್ಜೆಂಟ್ ಒಡೆದು ಬರುವ ನೋನೈಲ್‌ಫೀನಾಲ್, ಗರ್ಭನಿರೋಧಕ ಮಾತ್ರೆಯ ಹಾರ್ಮೋನ್, ಇವೆಲ್ಲ ಇದೇ ಜಾತಿಯವು.

ನಾನೂ ಅಡಿಕೆ ಬೆಳೆಗಾರ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಈ ಪಟ್ಟಿಗೆ ಸೇರಿಸುತ್ತಿಲ್ಲ. ಆದರೆ ಎಲೆಚುಕ್ಕಿ ರೋಗ ಬಂದ ಮೇಲೆ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಅಂತ ಶಿಲೀಂಧ್ರನಾಶಕ ಹೊಡೆಯುತ್ತಿದ್ದೇವೆ. ಇವು ಈಸ್ಟ್ರೊಜೆನ್‌ನಂತೆ ನಡೆಯುವಂಥವಲ್ಲ. ಮೈಯೊಳಗೆ ಈಸ್ಟ್ರೊಜೆನ್ ತಯಾರಾಗುವ ಕೆಲಸಕ್ಕೇ ಅಡ್ಡಿ ಮಾಡುತ್ತವೆ ಎಂದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡಿದೆ. ತೋಟ ಉಳಿಸಿಕೊಳ್ಳಲು ಹೊಡೆಯಲೇಬೇಕಾದ ಕಷ್ಟ ನನಗೂ ಗೊತ್ತು. ಯಾರನ್ನೂ ದೂರುತ್ತಿಲ್ಲ. ಆದರೆ ತೋಟ ತೊಳೆದ ಮಳೆನೀರು ತುಂಗೆಗೆ ಇಳಿಯುವ ತಿಂಗಳುಗಳಲ್ಲೇ ಆ ನಡುಗಡ್ಡೆಯ ಮರಗಳಲ್ಲಿ ಮೊಟ್ಟೆ ಇರುತ್ತದೆ.

ಮಂಡಗದ್ದೆಯಲ್ಲಿ ಹಕ್ಕಿಗಳಿಗೆ ತೊಂದರೆ ಆಗಿಯೇ ಬಿಟ್ಟಿದೆ ಎಂದು ಸುಮ್ನೆ ಹೆದರಿಸುವುದು ನನ್ನ ಉದ್ದೇಶವಲ್ಲ. ನೋಡಿ ತಿಳಿಯೋಣ ಅನ್ನುತ್ತಿದ್ದೇನೆ. ಬೆಳ್ಳಕ್ಕಿಯಂಥ ಹಕ್ಕಿ ವರ್ಷಗಟ್ಟಲೆ ಬದುಕುತ್ತದೆ. ಮರಿ ಆಗದಿದ್ದರೂ ಹಳೆಯವು ಬರುತ್ತಲೇ ಇರುತ್ತವೆ. ಬಂದ ಹಕ್ಕಿಯ ಸಂಖ್ಯೆ ಇಳಿಯುವಾಗ ತುಂಬ ತಡವಾಗಿರುತ್ತದೆ. ಅದಕ್ಕೇ ಅರಣ್ಯ ಇಲಾಖೆಯವರು ಮಂಡಗದ್ದೆಯಲ್ಲೂ ಸೊರಬದ ಗುಡವಿ ಪಕ್ಷಿಧಾಮದಲ್ಲೂ ಒಂದಷ್ಟು ಗೂಡುಗಳನ್ನು ಗುರುತು ಮಾಡಿಕೊಂಡು, ಇಟ್ಟ ಮೊಟ್ಟೆ ಎಷ್ಟು, ಒಡೆದದ್ದೆಷ್ಟು, ಹಾರಿದ್ದೆಷ್ಟು ಎಂದು ಬರೆದಿಡಲಿ. ಹಕ್ಕಿಗಳು ಗೂಡು ಬಿಟ್ಟ ಮೇಲೆ ಉಳಿದ ಗೊಡ್ಡು ಮೊಟ್ಟೆ, ಸಿಪ್ಪೆಗಳನ್ನು ಹೆಕ್ಕಿ ಪರೀಕ್ಷೆಗೆ ಕಳಿಸಲಿ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಇರುವಕ್ಕಿಯಲ್ಲಿ ಕೃಷಿ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಅವರನ್ನೂ ಜೊತೆಗೆ ಸೇರಿಸಿಕೊಳ್ಳಲಿ.

ಗೂಡಿಗೆ ತೊಂದರೆ ಆಗದ ಹಾಗೆ ದಡದಿಂದ ದುರ್ಬೀನು ಹಿಡಿದು ವಾರಕ್ಕೊಮ್ಮೆ ಲೆಕ್ಕ ಬರೆಯಲು ಜನ ಬೇಕಾದರೆ ನಾನು ಬರುತ್ತೇನೆ. ನಮ್ಮ ಊರಿನಿಂದ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬರುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲೂಕು